ಕೆಮ್ಮಿಗೆ ಕಾಯಬೇಡಿ, ಬೀಡಿಯ ಲೆಕ್ಕ ಹಾಕಿ: ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಓದುಗರ ಪ್ರಶ್ನೆಗಳು

ಶ್ವಾಸಕೋಶದ ಕ್ಯಾನ್ಸರ್ ಕುರಿತು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಎಂಟನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಊರನ್ನಷ್ಟೇ ಕೊಟ್ಟಿದೆ.

ತಂದೆಯವರಿಗೆ 62 ವರ್ಷ. 40 ವರ್ಷಗಳಿಂದ ದಿನಕ್ಕೆ ಇಪ್ಪತ್ತು ಬೀಡಿ. ಕೆಮ್ಮು, ದಮ್ಮು ಏನೂ ಇಲ್ಲ. ಕಳೆದ ತಿಂಗಳು ತೆಗೆಸಿದ ಎದೆಯ ಎಕ್ಸ್‌ರೇ ಕ್ಲಿಯರ್ ಇದೆ. ಆದರೂ ಸ್ಕ್ಯಾನ್ ಬೇಕೇ? "ಏನೂ ಇಲ್ಲದವನನ್ನು ಆಸ್ಪತ್ರೆಗೆ ಯಾಕೆ ಎಳೀತೀ" ಎಂದು ಅವರು ಕೇಳುತ್ತಾರೆ. (ಉಳ್ಳಾಲ)

ಏನೂ ಇಲ್ಲ ಅನ್ನಿಸುವಾಗ ಹುಡುಕಿದರೇ ಈ ಕಾಯಿಲೆ ಕೈಗೆ ಸಿಗುವುದು. ಶ್ವಾಸಕೋಶದ ಒಳಭಾಗದಲ್ಲಿ ನೋವು ತಿಳಿಸುವ ನರಗಳಿಲ್ಲ. ಅವು ಇರುವುದು ಪಕ್ಕೆಲುಬಿನ ಒಳಮೈಗೆ ಅಂಟಿದ ಪೊರೆಯಲ್ಲಿ. ಸುಲಿದ ಅಡಿಕೆಯಷ್ಟು ದಪ್ಪದ ಗಂಟು ಒಳಗೆ ಕುಳಿತಿದ್ದರೂ ಮನುಷ್ಯ ಬೆಳಿಗ್ಗೆ ಎದ್ದು ತೋಟಕ್ಕೆ ಹೋಗಿ ಬರುತ್ತಾನೆ. ಗಂಟು ಪೊರೆಯನ್ನೋ ಶ್ವಾಸನಾಳವನ್ನೋ ಮುಟ್ಟಿದ ಮೇಲಷ್ಟೇ ನೋವು, ಕೆಮ್ಮು, ರಕ್ತ. ಒಂದು ಸೆಂಟಿಮೀಟರಿನೊಳಗೆ, ಎಲ್ಲೂ ಹರಡದೆ ಇರುವಾಗ ಸಿಕ್ಕಿದರೆ ನೂರರಲ್ಲಿ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಬೇರೆ ಅಂಗಗಳಿಗೆ ಹರಡಿದ ಮೇಲೆ ಸಿಕ್ಕಿದರೆ ಅದು ಹತ್ತರ ಆಸುಪಾಸಿಗೆ ಇಳಿಯುತ್ತದೆ.

ಎಕ್ಸ್‌ರೇ ಕ್ಲಿಯರ್ ಅನ್ನುವುದನ್ನು ಪೂರ್ತಿ ನಂಬಬೇಡಿ. ಎಕ್ಸ್‌ರೇ ಒಂದು ನೆರಳು. ಹೃದಯದ ಹಿಂದೆ, ಕೊರಳೆಲುಬಿನ ಹಿಂದೆ, ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಪೊರೆಯ) ಗುಮ್ಮಟದ ಹಿಂದೆ ಇರುವ ಗಂಟು ಆ ನೆರಳಿನಲ್ಲಿ ಮರೆಯಾಗುತ್ತದೆ. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಮಂದಿ ಬಹಳ ಸೇದಿದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಂದು ಎಕ್ಸ್‌ರೇ, ಇನ್ನೊಂದಕ್ಕೆ ವರ್ಷಕ್ಕೊಂದು ಲೋ ಡೋಸ್ ಸಿ.ಟಿ. (ಕಡಿಮೆ ವಿಕಿರಣದ ಸ್ಕ್ಯಾನ್) ಎಂದು ಮೂರು ವರ್ಷ ಮಾಡಿ ನೋಡಿದ್ದರು. ಫಲಿತಾಂಶ ಬಂದದ್ದು 2011ರಲ್ಲಿ: ಸಿ.ಟಿ. ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು 20 ಪ್ರತಿಶತ ಕಡಿಮೆ.

ಈಗ ಲೆಕ್ಕ. ನಮ್ಮ ದೇಶದ ವೈದ್ಯರು ಬಳಸುವ ಸುಲಭ ಸೂತ್ರ, ದಿನಕ್ಕೆ ಸೇದುವ ಸಂಖ್ಯೆಯನ್ನು ವರ್ಷಗಳಿಂದ ಗುಣಿಸುವುದು. 300 ದಾಟಿದರೆ ಭಾರೀ ಸೇದುವವರು. ತಂದೆಯವರದು 20 × 40 = 800. ಸಿಗರೇಟಿಗೆ ಅಮೆರಿಕದ ಲೆಕ್ಕ ಬೇರೆ. ದಿನಕ್ಕೆ 20ರ ಒಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ. 50ರಿಂದ 80 ವಯಸ್ಸಿನೊಳಗಿದ್ದು, 20 ಪ್ಯಾಕ್-ವರ್ಷ ತುಂಬಿ, ಈಗಲೂ ಸೇದುತ್ತಿರುವವರು ಅಥವಾ ಬಿಟ್ಟು 15 ವರ್ಷ ಆಗದವರು ವರ್ಷಕ್ಕೊಮ್ಮೆ ಲೋ ಡೋಸ್ ಸಿ.ಟಿ. ಮಾಡಿಸಬೇಕು ಎಂದು ಅಲ್ಲಿನ ತಜ್ಞರ ಸಮಿತಿ 2021ರಲ್ಲಿ ಹೇಳಿದೆ. ಬೀಡಿ ಚಿಕ್ಕದು, ಅದರಲ್ಲಿ ಹೊಗೆಸೊಪ್ಪು ಕಡಿಮೆ, ಅದಕ್ಕೆ ಅರ್ಧ ಲೆಕ್ಕ ಸಾಕು ಅನ್ನುವವರಿದ್ದಾರೆ. ಆ ರಿಯಾಯಿತಿ ಬೇಡ. ಬೀಡಿ ತಾನಾಗಿ ಉರಿಯದೆ ಆರಿಹೋಗುತ್ತದೆ. ಆರದಂತೆ ಪದೇ ಪದೇ, ಬಲವಾಗಿ ಎಳೆಯುವುದರಿಂದ ಹೊಗೆ ಆಳಕ್ಕೆ ಇಳಿಯುತ್ತದೆ. ಒಂದು ಬೀಡಿಗೆ ಒಂದು ಸಿಗರೇಟೇ ಎಂದು ಬರೆದುಕೊಳ್ಳಿ.

ಹಾಗಾಗಿ ತಂದೆಯವರಿಗೆ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಚೀಟಿಯಲ್ಲಿ "ಲೋ ಡೋಸ್" ಎಂದು ಬರೆಸಿಕೊಳ್ಳಿ. ಬರೆದಿಲ್ಲದಿದ್ದರೆ ಸ್ಕ್ಯಾನಿಂಗ್ ಸೆಂಟರಿನವರು ಮಾಮೂಲಿ ಎದೆಯ ಸಿ.ಟಿ.ಯನ್ನೇ ಮಾಡಿ ಕಳಿಸುವುದುಂಟು. ಮಾಮೂಲಿಯದರಲ್ಲಿ ವಿಕಿರಣ ಸುಮಾರು 7 ಮಿಲಿಸೀವರ್ಟ್, ಲೋ ಡೋಸಿನಲ್ಲಿ ಸುಮಾರು ಒಂದೂವರೆ. ನೆಲ, ಗಾಳಿ, ಆಕಾಶದಿಂದ ವರ್ಷಪೂರ್ತಿ ನಮ್ಮ ಮೈಗೆ ಹೇಗೂ ಬೀಳುವುದು ಎರಡರಿಂದ ಮೂರು. ಇದಕ್ಕೆ ಇಂಜೆಕ್ಷನ್ ಇಲ್ಲ, ಉಪವಾಸ ಇಲ್ಲ. ಕುತ್ತಿಗೆಯ ಸರ ತೆಗೆದು ಮಲಗಿ, ಕೈ ಮೇಲೆತ್ತಿ, ಹತ್ತು ಸೆಕೆಂಡ್ ಉಸಿರು ಹಿಡಿದರೆ ಮುಗಿಯಿತು. ಜ್ವರ, ಕಫ ಇರುವಾಗ ಮಾತ್ರ ಮಾಡಿಸಬೇಡಿ. ಸೋಂಕಿನ ಮಚ್ಚೆಗಳು ಗಂಟಿನ ಹಾಗೆ ಕಂಡು ಇಲ್ಲದ ಗಾಬರಿ ಹುಟ್ಟಿಸುತ್ತವೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಆ ಅಮೆರಿಕನ್ ಅಧ್ಯಯನದಲ್ಲಿ "ಏನೋ ಇದೆ" ಎಂದು ಬಂದ ನೂರು ಸಿ.ಟಿ.ಗಳಲ್ಲಿ 96 ಕ್ಯಾನ್ಸರ್ ಅಲ್ಲ ಎಂದು ಆಮೇಲೆ ತಿಳಿಯಿತು. ಹಳೆಯ ಟಿ.ಬಿ.ಯ ಕಲೆ ಅನೇಕರ ಎದೆಯಲ್ಲಿರುವ ನಮ್ಮಲ್ಲಿ ಇಂಥ ಸುಳ್ಳು ಗಾಬರಿಗೆ ಇನ್ನಷ್ಟು ಎಡೆಯಿದೆ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಶ್ವಾಸಕೋಶ ಇಲ್ಲ. ಆದ್ದರಿಂದ ನೇರ ಸ್ಕ್ಯಾನಿಂಗ್ ಸೆಂಟರಿಗೆ ಹೋಗದೆ ಎದೆರೋಗ ತಜ್ಞರ ಮೂಲಕ ಹೋಗಿ. ವರದಿ ಕೈಗೆ ಬಂದಾಗ ಮುಂದಿನ ಹೆಜ್ಜೆ ಹೇಳಲು ಒಬ್ಬರು ಬೇಕು.

ಯಜಮಾನರಿಗೆ 56. ಎರಡು ತಿಂಗಳು ಕೆಮ್ಮು, ತೂಕ ಇಳಿಯಿತು. ಕಫದಲ್ಲಿ ಟಿ.ಬಿ. ಸಿಗಲಿಲ್ಲ, ಆದರೆ ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಮಚ್ಚೆ ಇತ್ತೆಂದು ಟಿ.ಬಿ. ಮಾತ್ರೆ ಶುರು ಮಾಡಿದರು. ಮೊದಲ ಮೂರು ವಾರ ಜ್ವರ ಬಿಟ್ಟು ಸ್ವಲ್ಪ ಸುಧಾರಿಸಿದರು. ಈಗ ಮೂರನೇ ತಿಂಗಳು, ಪುನಃ ಮೊದಲಿನಂತೆ. ಆರು ತಿಂಗಳ ಕೋರ್ಸ್ ಮುಗಿಯುವವರೆಗೆ ಕಾಯಬೇಕೇ? (ಬೆಳ್ತಂಗಡಿ)

ಕಾಯಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ. ಈ ವಾರವೇ ಎದೆರೋಗ ತಜ್ಞರ ಹತ್ತಿರ ಹೋಗಿ ಎದೆಯ ಸಿ.ಟಿ. ಬಗ್ಗೆ ಕೇಳಿ.

ನಮ್ಮಲ್ಲಿ ಈ ಕ್ಯಾನ್ಸರ್ ತಿಂಗಳುಗಳನ್ನು ನುಂಗುವುದು ಹೆಚ್ಚಾಗಿ ಇದೇ ತಿರುವಿನಲ್ಲಿ. ಟಿ.ಬಿ.ಗೂ ಕ್ಯಾನ್ಸರಿಗೂ ಕೆಮ್ಮು ಒಂದೇ, ತೂಕ ಇಳಿಯುವುದು ಒಂದೇ, ಕಫದಲ್ಲಿ ರಕ್ತ ಒಂದೇ. ಎರಡಕ್ಕೂ ಶ್ವಾಸಕೋಶದ ಮೇಲ್ಭಾಗವೆಂದರೆ ಇಷ್ಟ. ಟಿ.ಬಿ. ಹೆಚ್ಚಿರುವ ದೇಶದಲ್ಲಿ ವೈದ್ಯರು ಮೊದಲು ಅದನ್ನೇ ಯೋಚಿಸುವುದರಲ್ಲಿ ತಪ್ಪಿಲ್ಲ. ಕಫದಲ್ಲಿ ಸಿಗದಿದ್ದರೂ ಲಕ್ಷಣ ನೋಡಿ ಮಾತ್ರೆ ಶುರು ಮಾಡುವುದಕ್ಕೂ ನಿಯಮ ಇದೆ. ಎರಡು ತಿಂಗಳಾದ ಮೇಲೆ ತಿರುಗಿ ನೋಡದೆ ಮುಂದುವರಿಸುವುದೇ ತಪ್ಪು.

ಮೊದಲ ಮೂರು ವಾರ ಸುಧಾರಿಸಿದ್ದಕ್ಕೂ ಕಾರಣವಿದೆ. ಗಂಟು ಶ್ವಾಸನಾಳವನ್ನು ಅಡ್ಡಗಟ್ಟಿದಾಗ ಅದರ ಹಿಂದೆ ಕಫ ಕಟ್ಟಿ ಸೋಂಕಾಗುತ್ತದೆ. ಟಿ.ಬಿ. ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಬೇರೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಜ್ವರ ಇಳಿಯುತ್ತದೆ, ಹಸಿವು ಬರುತ್ತದೆ, ಮನೆಯವರಿಗೆ ಧೈರ್ಯ ಬರುತ್ತದೆ. ಗಂಟು ಮಾತ್ರ ಇದ್ದಲ್ಲೇ ಇರುತ್ತದೆ.

ಕೋರ್ಸಿನ ಮೊದಲ ಎರಡು ತಿಂಗಳು ನಾಲ್ಕು ಔಷಧ, ಉಳಿದ ನಾಲ್ಕು ತಿಂಗಳು ಮೂರು. ಈ ಎರಡನೇ ತಿಂಗಳ ಕೊನೆಯೇ ಲೆಕ್ಕ ನೋಡುವ ದಿನ. ನಿಜವಾದ ಟಿ.ಬಿ. ಆಗಿದ್ದರೆ ಅಷ್ಟರಲ್ಲಿ ತೂಕ ಏರತೊಡಗಿರಬೇಕು, ಕೆಮ್ಮು ಅರ್ಧಕ್ಕಿಂತ ಇಳಿದಿರಬೇಕು, ಎಕ್ಸ್‌ರೇಯ ಮಚ್ಚೆ ತಿಳಿಯಾಗಿರಬೇಕು. ಆಗದಿದ್ದರೆ ಎರಡೇ ಸಾಧ್ಯತೆ: ಔಷಧಕ್ಕೆ ಬಗ್ಗದ ಟಿ.ಬಿ., ಇಲ್ಲವೇ ಅದು ಟಿ.ಬಿ.ಯೇ ಅಲ್ಲ. ಎರಡಕ್ಕೂ ಹೊಸ ಪರೀಕ್ಷೆ ಬೇಕು. ಕಫವನ್ನು ಮತ್ತೊಮ್ಮೆ ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರಕ್ಕೆ ಹಾಕಿಸಿ. ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ, ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನೂ ಹೇಳುತ್ತದೆ. ಮಾದರಿ ಕೊಡುವುದರಲ್ಲೇ ಅನೇಕರು ಎಡವುತ್ತಾರೆ. ಡಬ್ಬಿಯಲ್ಲಿ ತುಂಬಿರುವುದು ಉಗುಳು, ಕಫವಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಸಲ ಆಳವಾಗಿ ಉಸಿರೆಳೆದು, ಮೂರನೆಯದಕ್ಕೆ ಹೊಟ್ಟೆಯಿಂದ ಕೆಮ್ಮಿ ಬಂದ ಗಟ್ಟಿ ಕಫ ಎರಡು ಮಿಲಿಲೀಟರಾದರೂ ಇರಬೇಕು.

ಸಿ.ಟಿ.ಯಲ್ಲಿ ಗಂಟು ಕಂಡರೆ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕ್ಯಾಮೆರಾ ಇಳಿಸಿ ನೋಡುವುದು) ಅಥವಾ ಸೂಜಿ ಪರೀಕ್ಷೆ. ಟಿ.ಬಿ. ಇದೆ ಎಂದು ಖಚಿತವಾದರೂ ಕ್ಯಾನ್ಸರ್ ಇಲ್ಲ ಎಂದಾಗುವುದಿಲ್ಲ, ಎರಡೂ ಒಂದೇ ಎದೆಯಲ್ಲಿ ಇರಬಹುದು.

ಟಿ.ಬಿ.ಯ ಮಾತಿರಲಿ. ಐವತ್ತು ದಾಟಿದ, ಸೇದುವ ಅಭ್ಯಾಸವಿರುವ ಯಾರಿಗೇ ನ್ಯುಮೋನಿಯಾ ಬಂದು ಗುಣವಾದರೂ ಆರರಿಂದ ಎಂಟು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆಸಬೇಕು. ಅದೇ ಜಾಗದಲ್ಲಿ ಪುನಃ ನ್ಯುಮೋನಿಯಾ ಬಂದರೆ ಅಲ್ಲೇನು ಅಡ್ಡ ನಿಂತಿದೆ ಎಂದು ನೋಡಲೇಬೇಕು.

ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ, ವಯಸ್ಸು 58. ಒಂದೂವರೆ ತಿಂಗಳಿಂದ ಸ್ವರ ಕುಳಿತಿದೆ. ಕಷಾಯ, ಜೇನು, ಮೌನ ಎಲ್ಲ ಆಯಿತು. ಗಂಟಲಿನ ಡಾಕ್ಟ್ರು ಕ್ಯಾಮೆರಾ ಇಳಿಸಿ, ಎಡಗಡೆಯ ಸ್ವರತಂತು ಅಲ್ಲಾಡುತ್ತಿಲ್ಲ, ಎದೆಯ ಸಿ.ಟಿ. ಮಾಡಿಸಿ ಅಂದರು. ತೊಂದರೆ ಗಂಟಲಿಗೆ, ಸ್ಕ್ಯಾನ್ ಎದೆಗೆ ಯಾಕೆ? (ಬ್ರಹ್ಮಾವರ)

ನಿಮ್ಮ ಡಾಕ್ಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಸ್ವರತಂತುವನ್ನು ಅಲ್ಲಾಡಿಸುವ ನರ ಮೆದುಳಿನ ಬುಡದಿಂದ ಹೊರಟು ನೇರ ಗಂಟಲಿಗೆ ಬರುವುದಿಲ್ಲ. ಎಡಗಡೆಯದು ಕುತ್ತಿಗೆ ದಾಟಿ ಎದೆಗೂಡಿನೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನ ಅಡಿಯಿಂದ ಸುತ್ತಿ, ಪುನಃ ಮೇಲೇರಿ ಧ್ವನಿಪೆಟ್ಟಿಗೆ ಸೇರುತ್ತದೆ. ಬಲಗಡೆಯದು ಹೆಗಲಿನ ಮಟ್ಟದಲ್ಲೇ ತಿರುಗಿಬಿಡುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಹರಡುವ ಗ್ರಂಥಿಗಳು ಆ ಎಡ ಕಮಾನಿನ ಕೆಳಗೇ ಇವೆ. ಅವು ಊದಿದರೆ ನರ ಒತ್ತಿಹೋಗಿ ಎಡ ಸ್ವರತಂತು ನಿಂತುಬಿಡುತ್ತದೆ.

ಆದ್ದರಿಂದ ಕ್ಯಾನ್ಸರೇ ಎಂದಲ್ಲ. ಥೈರಾಯ್ಡ್ ಗಂಟು, ಹಿಂದಿನ ಥೈರಾಯ್ಡ್ ಆಪರೇಷನ್, ಟಿ.ಬಿ. ಗ್ರಂಥಿ, ವೈರಸ್ ಸೋಂಕು ಇವುಗಳಿಂದಲೂ ಆಗುತ್ತದೆ. ನರದ ಇಡೀ ದಾರಿಯನ್ನು ನೋಡಿ ಒಂದೊಂದೇ ಕಾರಣವನ್ನು ಬದಿಗಿಡುವುದಕ್ಕೆ ತಲೆಬುರುಡೆಯ ಬುಡದಿಂದ ಎದೆಯವರೆಗಿನ ಸಿ.ಟಿ. ಬೇಕು. ಇದು ಲೋ ಡೋಸ್ ಅಲ್ಲ, ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವಂಥದ್ದು. ಮೊದಲು ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವ ಪರೀಕ್ಷೆ) ನೋಡಿಸಿ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಾದರೆ ಅದನ್ನು ಸ್ಕ್ಯಾನಿನವರಿಗೆ ಹೇಳಿ.

ರಾತ್ರಿಯಿಡೀ ಅರ್ಥ ಹೇಳಿ ಕುಳಿತ ಸ್ವರಕ್ಕೂ ನರ ಸೋತ ಸ್ವರಕ್ಕೂ ವ್ಯತ್ಯಾಸವನ್ನು ಕಲಾವಿದರೇ ಹಿಡಿಯಬಹುದು. ದಣಿದ ಸ್ವರ ಒರಟಾಗಿರುತ್ತದೆ, ಎರಡು ವಾರ ಸುಮ್ಮನಿದ್ದರೆ ಏಳುತ್ತದೆ. ನರ ಸೋತ ಸ್ವರದಲ್ಲಿ ಗಾಳಿ ಸೋರುತ್ತದೆ: ಒಂದೇ ಉಸಿರಿನಲ್ಲಿ "ಆ" ಎಂದು ಎಳೆದರೆ ಹತ್ತು ಸೆಕೆಂಡೂ ನಿಲ್ಲುವುದಿಲ್ಲ, ನೀರು ಕುಡಿದರೆ ನೆತ್ತಿಗೇರುತ್ತದೆ, ಕೆಮ್ಮಿದರೆ ಗಟ್ಟಿಯಾಗಿ ಹೊರಡದೆ ದನ ಕೆಮ್ಮಿದಂತೆ ಟೊಳ್ಳು. ಯಾವ ಬಗೆಯದೇ ಆಗಲಿ, ಮೂರು ವಾರ ದಾಟಿದ ಸ್ವರವನ್ನು ಕ್ಯಾಮೆರಾ ಹಾಕಿ ನೋಡಿಸಬೇಕು. ಇದನ್ನು ಮೇಳದವರಿಗೂ ಭಜನಾ ಮಂಡಳಿಯವರಿಗೂ ಸೇರಿಸಿ ಹೇಳುತ್ತಿದ್ದೇವೆ.

ಎದೆಗೆ ಸಂಬಂಧವೇ ಇಲ್ಲವೆಂಬಂತೆ ಕಾಣುವ ಇನ್ನೂ ಕೆಲವಿವೆ. ಹೆಗಲ ಒಳಗಿನಿಂದ ಕಿರುಬೆರಳಿನ ಕಡೆಗೆ ಇಳಿಯುವ ನೋವು, ಅದರ ಜೊತೆ ಅದೇ ಬದಿಯ ಕಣ್ಣಿನ ರೆಪ್ಪೆ ಸ್ವಲ್ಪ ಇಳಿದಿರುವುದು. ಇದನ್ನು ಕುತ್ತಿಗೆ ಸವೆತ ಎಂದುಕೊಂಡು ತಿಂಗಳುಗಟ್ಟಲೆ ಶಾಖ ಕೊಡಿಸಿಕೊಳ್ಳುವವರಿದ್ದಾರೆ. ಬೆಳಿಗ್ಗೆ ಏಳುವಾಗ ಮುಖ ಊದಿ, ಕುತ್ತಿಗೆಯ ರಕ್ತನಾಳಗಳು ಉಬ್ಬಿದ್ದರೆ ಅದೇ ದಿನ ಆಸ್ಪತ್ರೆಗೆ. ಮತ್ತೊಂದು ಬೆರಳ ತುದಿ. ಎರಡೂ ಕೈಗಳ ತೋರುಬೆರಳನ್ನು ಬಗ್ಗಿಸಿ, ಉಗುರಿಗೆ ಉಗುರು ಬೆನ್ನಾಗುವಂತೆ ಜೋಡಿಸಿ ಬೆಳಕಿಗೆ ಹಿಡಿಯಿರಿ. ಉಗುರಿನ ಬುಡದಲ್ಲಿ ಎಳ್ಳಿನಷ್ಟು ಚೌಕ ಕಿಂಡಿ ಕಾಣಬೇಕು. ಅದು ಮುಚ್ಚಿಹೋಗಿ ಬೆರಳ ತುದಿ ಡೋಲಿನ ಕೋಲಿನಂತೆ ಉಂಡೆಯಾಗಿದ್ದರೆ, ಅದರಲ್ಲೂ ಈಚಿನ ತಿಂಗಳುಗಳಲ್ಲಿ ಹಾಗಾಗಿದ್ದರೆ, ಎದೆ ನೋಡಿಸಿ. ಶ್ವಾಸಕೋಶದ, ಹೃದಯದ ಬೇರೆ ಕಾಯಿಲೆಗಳಲ್ಲೂ ಹೀಗಾಗುತ್ತದೆ. ಅವೂ ಸಣ್ಣ ಕಾಯಿಲೆಗಳಲ್ಲ.

ಬೇರೆ ಕಾರಣಕ್ಕೆ ಸಿ.ಟಿ. ಮಾಡಿಸಿದಾಗ ಎಡ ಶ್ವಾಸಕೋಶದಲ್ಲಿ 7 ಮಿಲಿಮೀಟರಿನ ಗಂಟು ಕಂಡಿದೆ. ನನಗೆ 46, ಸೇದುವ ಅಭ್ಯಾಸವಿಲ್ಲ. ಡಾಕ್ಟ್ರು "ಆರು ತಿಂಗಳ ನಂತರ ನೋಡುವ" ಅನ್ನುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ. ಪೆಟ್ ಸ್ಕ್ಯಾನ್ ಮಾಡಿಸಲೇ? (ಉಡುಪಿ)

ಏಳು ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಬಸಳೆ ಹಣ್ಣು. ಇಷ್ಟು ಚಿಕ್ಕ ಗಂಟುಗಳಲ್ಲಿ ಬಹುಪಾಲು ಹಳೆಯ ಸೋಂಕಿನ ಕಲೆಗಳು. ಪೆಟ್ ಬೇಡ. ಸಕ್ಕರೆಯನ್ನು ಹೆಚ್ಚು ಹೀರುವ ಜಾಗ ಹೊಳೆದು ಕಾಣುವ ಸ್ಕ್ಯಾನ್ ಅದು. ಎಂಟು ಮಿಲಿಮೀಟರಿಗಿಂತ ಚಿಕ್ಕದರಲ್ಲಿ ಪೆಟ್ ಹೊಳೆಯದಿದ್ದರೂ ಕ್ಯಾನ್ಸರ್ ಇಲ್ಲ ಎನ್ನಲಾಗದು, ಹೊಳೆದರೂ ಟಿ.ಬಿ. ಇರಬಹುದು. ಅಷ್ಟು ದುಡ್ಡಿಗೆ ಉತ್ತರವೇ ಸಿಗುವುದಿಲ್ಲ.

ನಿಮ್ಮ ವೈದ್ಯರು ಹೇಳಿದ್ದು ಜಗತ್ತಿನಾದ್ಯಂತ ನಡೆಯುವ ರೀತಿ. ಆರರಿಂದ ಎಂಟು ಮಿಲಿಮೀಟರಿನ ಒಂಟಿ ಗಟ್ಟಿ ಗಂಟಿಗೆ 6ರಿಂದ 12 ತಿಂಗಳೊಳಗೆ ಮತ್ತೊಂದು ಸಿ.ಟಿ. ಇಲ್ಲಿ ಕಾಯುವುದೇ ಪರೀಕ್ಷೆ, ಕ್ಯಾನ್ಸರ್ ಬೆಳೆಯುತ್ತದೆ, ಕಲೆ ಬೆಳೆಯುವುದಿಲ್ಲ. ಎರಡು ವರ್ಷ ಒಂದೇ ಅಳತೆಯಲ್ಲಿ ಕುಳಿತ ಗಟ್ಟಿ ಗಂಟನ್ನು ಸಾಮಾನ್ಯವಾಗಿ ಮರೆತುಬಿಡಬಹುದು. ಮಂಜಿನ ಹಾಗೆ ಮಸುಕಾಗಿ ಕಾಣುವ ಗಂಟುಗಳದ್ದು ಬೇರೆ ದಾರಿ, ಅವು ಬಹಳ ನಿಧಾನ, ಐದು ವರ್ಷ ನೋಡಬೇಕಾಗುತ್ತದೆ.

ಹೋಲಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ಗಂಟಿನ ಗಾತ್ರ ಇಮ್ಮಡಿಯಾಗಲು ಅಡ್ಡಳತೆ ಇಮ್ಮಡಿಯಾಗಬೇಕಿಲ್ಲ, ಕಾಲು ಭಾಗ ಹೆಚ್ಚಿದರೆ ಸಾಕು. ನಿಮ್ಮ 7 ಮಿಲಿಮೀಟರ್ 8.8 ಆದರೆ ಅದು ಎರಡರಷ್ಟು ಬೆಳೆದಂತೆ. ಬೇರೆ ಬೇರೆ ಯಂತ್ರ, ಬೇರೆ ಬೇರೆ ಕೈಯ ಅಳತೆಯಲ್ಲಿ ಒಂದೂವರೆ ಮಿಲಿಮೀಟರ್ ಹಾಗೇ ಆಚೀಚೆ ಆಗುತ್ತದೆ. ಆದ್ದರಿಂದ ಎರಡನೇ ಸ್ಕ್ಯಾನನ್ನು ಸಾಧ್ಯವಾದರೆ ಅದೇ ಸೆಂಟರಿನಲ್ಲಿ, ತೆಳು ಪದರದಲ್ಲಿ, ಲೋ ಡೋಸಿನಲ್ಲಿ ಮಾಡಿಸಿ. ಮೊದಲನೆಯದರ ಸಿ.ಡಿ. ಜೊತೆಗಿರಲಿ. ದೊಡ್ಡ ಕವರಿನಲ್ಲಿ ಕೊಡುವ ಫಿಲ್ಮ್ ನೋಡಿ ಇಂಥ ಸಣ್ಣ ವ್ಯತ್ಯಾಸ ಅಳೆಯಲಾಗುವುದಿಲ್ಲ. ಸಿ.ಡಿ. ಕೇಳಿ ತೆಗೆದುಕೊಳ್ಳುವವರು ಕಡಿಮೆ, ಕೇಳಿದರೆ ಕೊಡುತ್ತಾರೆ.

ವರದಿಯಲ್ಲಿ "ಕ್ಯಾಲ್ಸಿಫೈಡ್" ಎಂಬ ಮಾತಿದ್ದರೆ, ಅದರಲ್ಲೂ ಸುಣ್ಣ ನಟ್ಟನಡುವೆ ಅಥವಾ ಇಡೀ ಗಂಟಿಗೆ ತುಂಬಿದ್ದರೆ, ನಿರಾಳವಾಗಿ. "ಸ್ಪಿಕ್ಯುಲೇಟೆಡ್", ಅಂದರೆ ಅಂಚು ಮುಳ್ಳುಮುಳ್ಳಾಗಿದೆ ಎಂದಿದ್ದರೆ ಆರು ತಿಂಗಳಿಗೆ ಬಿಡದೆ ಎದೆರೋಗ ತಜ್ಞರಿಗೆ ಈಗಲೇ ತೋರಿಸಿ.

ನಾನು ಬೀಡಿ ಸೇದಿದವಳಲ್ಲ, ಕಟ್ಟಿದವಳು. ಮೂವತ್ತು ವರ್ಷ ಆಯಿತು. ಹೊಗೆಸೊಪ್ಪಿನ ಧೂಳಿನಿಂದ ನನಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಯೇ? ಸ್ಕ್ಯಾನ್ ಮಾಡಿಸಬೇಕೇ? (ಬಂಟ್ವಾಳ)

ಧೂಳು ಒಳ್ಳೆಯದಲ್ಲ. ಕೆಮ್ಮು, ಉಬ್ಬಸ, ಕಣ್ಣುರಿ ತರುತ್ತದೆ. ಬೆವರಿದ ಕೈಯಿಂದ ನಿಕೋಟಿನ್ ಚರ್ಮಕ್ಕೆ ಇಳಿದು ತಲೆನೋವು, ವಾಕರಿಕೆ ಆಗುತ್ತದೆ. ಆದರೆ ಸೇದುವವರ ಶ್ವಾಸಕೋಶಕ್ಕೆ ಇಳಿಯುವ ಟಾರು ಹುಟ್ಟುವುದು ಹೊಗೆಸೊಪ್ಪು ಉರಿಯುವಾಗ. ಕಟ್ಟುವವರನ್ನು ಸೇದುವವರ ಸಾಲಿಗೆ ಸೇರಿಸಬೇಕಾಗಿಲ್ಲ. ಕಿಟಕಿಯ ಪಕ್ಕ ಕುಳಿತು ಕಟ್ಟಿ, ತಡ್ಪೆಯನ್ನು ಒಳಗೆ ಕೊಡವಬೇಡಿ, ಹೊಗೆಸೊಪ್ಪನ್ನು ಮಲಗುವ ಕೋಣೆಯಲ್ಲಿಡಬೇಡಿ, ಉಣ್ಣುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ.

ನಾವು ಹೆಚ್ಚು ಚಿಂತಿಸುವುದು ನೀವು ಬರೆಯದೇ ಬಿಟ್ಟ ಎರಡು ಹೊಗೆಗಳ ಬಗ್ಗೆ. ಒಂದು, ಮನೆಯೊಳಗೆ ಬೇರೆಯವರು ಸೇದುವ ಬೀಡಿ. ತಾನು ಸೇದದಿದ್ದರೂ ಮನೆಯಲ್ಲಿ ಆ ಹೊಗೆ ಕುಡಿಯುವವರಿಗೆ ಈ ಕ್ಯಾನ್ಸರಿನ ಅಪಾಯ 20ರಿಂದ 30 ಪ್ರತಿಶತ ಹೆಚ್ಚು. ಇನ್ನೊಂದು ಬಚ್ಚಲಿನ ಹಂಡೆಯ ಒಲೆ, ಕುಚ್ಚಲಕ್ಕಿ ಬೇಯುವ ಒಲೆ. ಸೌದೆ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ "ಕ್ಯಾನ್ಸರ್ ತರುವ ಸಂಭವ ಹೆಚ್ಚು" ಎಂಬ ಪಟ್ಟಿಯಲ್ಲಿಟ್ಟಿದೆ. ಮಳೆಗಾಲದಲ್ಲಿ ಒದ್ದೆ ಸಿಪ್ಪೆ, ಒದ್ದೆ ಮಡಲು ತುರುಕಿದಾಗ ಬೆಂಕಿಗಿಂತ ಹೊಗೆಯೇ ಹೆಚ್ಚು. ಬೆಂಕಿ ಹತ್ತಲಿ ಎಂದು ಪ್ಲಾಸ್ಟಿಕ್ ತೊಟ್ಟೆ ಹಾಕುವ ಚಾಳಿಯಂತೂ ಇವತ್ತೇ ನಿಲ್ಲಲಿ. ಮೇ ಮುಗಿಯುವ ಮೊದಲೇ ಒಣಸಿಪ್ಪೆಯನ್ನು ಮಾಡಿನಡಿ ಸೇರಿಸಿಟ್ಟರೆ ಅರ್ಧ ಹೊಗೆ ಕಡಿಮೆ. ಒಲೆಗೆ ಕೊಳವೆ ಹಾಕಿಸುವುದಾದರೆ ಅದು ಹೆಂಚಿನ ಮಾಡಿಗಿಂತ ಎರಡು ಮೂರು ಅಡಿ ಮೇಲಕ್ಕಿರಬೇಕು. ಗಿಡ್ಡವಾದರೆ ಗಾಳಿ ಬೀಸಿದಾಗ ಹೊಗೆ ಒಳಕ್ಕೇ ತಿರುಗುತ್ತದೆ. ಒಳಗೆ ಕಟ್ಟುವ ಮಸಿಯನ್ನು ತಿಂಗಳಿಗೊಮ್ಮೆ ಕೆರೆಯದಿದ್ದರೂ ಕೊಳವೆ ಇದ್ದೂ ಇಲ್ಲದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ನಿಮ್ಮೂರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಹೋಗಿ ನೋಡಿ ಬನ್ನಿ.

ಲಕ್ಷಣವಿಲ್ಲದೆ ಸ್ಕ್ಯಾನ್ ಬೇಡ. ಆದರೆ ಮೂರು ವಾರ ಬಿಡದ ಕೆಮ್ಮು, ಕಫದಲ್ಲಿ ರಕ್ತದ ಗೆರೆ, ಒಂದೇ ಬದಿಯಲ್ಲಿ ಕೇಳುವ ಸುಂಯ್ ಸದ್ದು ಬಂದರೆ "ನಾನು ಸೇದುವುದಿಲ್ಲವಲ್ಲ" ಎಂದು ಕೂರಬೇಡಿ. ಸೇದದ ಹೆಂಗಸರಿಗೂ ಈ ಕ್ಯಾನ್ಸರ್ ಬರುತ್ತದೆ. ಅವರಲ್ಲಿ ಹೆಚ್ಚಾಗಿ ಕಾಣುವುದು ಅಡಿನೋಕಾರ್ಸಿನೋಮ ಎಂಬ ಬಗೆ. ಅದರಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನ ಬದಲಾವಣೆ ಸಿಕ್ಕಿದರೆ ದಿನಕ್ಕೊಂದು ಮಾತ್ರೆಯ ಚಿಕಿತ್ಸೆಯೂ ಇದೆ.

ಅಣ್ಣನಿಗೆ ಬಯಾಪ್ಸಿ (ಗಂಟಿನ ತುಂಡು ತೆಗೆದು ಪರೀಕ್ಷಿಸುವುದು) ಹೇಳಿದ್ದಾರೆ. ಸೂಜಿ ಮುಟ್ಟಿಸಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂದು ಮನೆಯಲ್ಲಿ ಹಿರಿಯರು ತಡೆಯುತ್ತಿದ್ದಾರೆ. (ಕುಂದಾಪುರ)

ಈ ನಂಬಿಕೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಕಾಯಿಲೆ ಬಲಿತ ಮೇಲೆ ಬಯಾಪ್ಸಿ ಆಗುತ್ತದೆ, ಮುಂದಿನ ತಿಂಗಳುಗಳಲ್ಲಿ ರೋಗಿ ಇಳಿದುಹೋಗುತ್ತಾರೆ, ಆಪಾದನೆ ಸೂಜಿಯ ಮೇಲೆ ಬರುತ್ತದೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಬೆಳೆದದ್ದು ಸಾವಿರಕ್ಕೊಂದಕ್ಕಿಂತಲೂ ಕಡಿಮೆ.

ಹೆದರಬೇಕಾದ್ದು ಬೇರೆ, ಅದನ್ನು ಮುಚ್ಚಿಡುವುದಿಲ್ಲ. ಸಿ.ಟಿ. ನೋಡಿಕೊಂಡು ಎದೆಯ ಹೊರಗಿಂದ ಸೂಜಿ ಹಾಕುವಾಗ ಶ್ವಾಸಕೋಶದ ಸುತ್ತ ಗಾಳಿ ಸೋರುವುದು ನೂರರಲ್ಲಿ 15ರಿಂದ 25 ಮಂದಿಗೆ. ಹೆಚ್ಚಿನದು ತಾನಾಗಿ ಹೀರಿಹೋಗುತ್ತದೆ, ನೂರರಲ್ಲಿ ಐದಾರು ಮಂದಿಗೆ ಎರಡು ದಿನ ನಳಿಕೆ ಹಾಕಬೇಕಾಗಬಹುದು. ಅದಕ್ಕೇ ಕೆಲವು ಗಂಟೆ ಮಲಗಿಸಿಟ್ಟು ಎಕ್ಸ್‌ರೇ ತೆಗೆಯುವುದು. ಮನೆಗೆ ಹೋದ ಮೇಲೆ ದಮ್ಮು ಏರಿದರೆ, ಎದೆ ಚುಚ್ಚಿದರೆ ರಾತ್ರಿಯಾದರೂ ವಾಪಸ್ ಬನ್ನಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ವಾರ ಮೊದಲೇ ತಿಳಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟ್ರನ್ನು ಕೇಳದೆ ಅದನ್ನು ನಿಲ್ಲಿಸಲೇಬಾರದು.

ಬಯಾಪ್ಸಿ ಇಲ್ಲದೆ ಚಿಕಿತ್ಸೆಯ ದಿಕ್ಕು ತಿಳಿಯುವುದಿಲ್ಲ. ಕ್ಯಾನ್ಸರ್ ಹೌದೇ ಅಲ್ಲವೇ ಎಂಬುದರ ಜೊತೆಗೆ ಯಾವ ಬಗೆ, ಯಾವ ಜೀನ್ ಕೆಟ್ಟಿದೆ ಎಂಬುದಕ್ಕೂ ಆ ತುಂಡೇ ಬೇಕು. "ಜೀನ್ ಪರೀಕ್ಷೆಗೆ ಸಾಲುವಷ್ಟು ತುಂಡು ತೆಗೆಯಿರಿ" ಎಂದು ಮೊದಲೇ ಕೇಳಿಕೊಳ್ಳಿ. ತುಂಡು ಸಾಲದೆ ಎರಡನೇ ಸಲ ಚುಚ್ಚಿಸಿಕೊಂಡವರು ಬೇಕಾದಷ್ಟು ಮಂದಿ. ಗಂಟು ಚಿಕ್ಕದಾಗಿ, ಒಂದೇ ಆಗಿ, ಅನುಮಾನ ಬಲವಾಗಿದ್ದರೆ ಶಸ್ತ್ರಚಿಕಿತ್ಸಕರು ಸೂಜಿ ಬಿಟ್ಟು ನೇರ ಆಪರೇಷನ್ ಮಾಡುವುದೂ ಉಂಟು. ಅದನ್ನು ಅವರೇ ತೀರ್ಮಾನಿಸಲಿ.

ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ "ಕ್ಯಾನ್ಸರ್ ಮಾರ್ಕರ್" ರಕ್ತಪರೀಕ್ಷೆ ಇದೆ. ಸಿ.ಟಿ. ಬದಲು ಅದು ಸಾಕೇ? (ಸುರತ್ಕಲ್)

ಸಾಲದು. ಸಿ.ಇ.ಎ. ಮೊದಲಾದ ಮಾರ್ಕರ್‌ಗಳು ಆರಂಭದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ನಾರ್ಮಲ್ ಇರುತ್ತವೆ, ಬರೀ ಸೇದುವುದರಿಂದಲೂ ಏರುತ್ತವೆ. ದುಡ್ಡು ಉಳಿಸಿ.

ಮಲ್ಪೆಯಿಂದ ಆಳಸಮುದ್ರದ ಬೋಟಿಗೆ ಹೋಗುತ್ತೇನೆ, 52 ವರ್ಷ, ದಿನಕ್ಕೆ ಒಂದೂವರೆ ಪ್ಯಾಕ್ ಸಿಗರೇಟ್. ಈಗ ಬಿಟ್ಟು ಪ್ರಯೋಜನ ಉಂಟಾ? ನಿಕೋಟಿನ್ ಗಮ್ ಜಗಿದರೆ ಬಿಕ್ಕಳಿಕೆ ಬರುತ್ತದೆ, ಹೊಟ್ಟೆ ಉರಿಯುತ್ತದೆ. (ಮಲ್ಪೆ)

ಉಂಟು. ಬಿಟ್ಟು ಹತ್ತು ಹದಿನೈದು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೃದಯಕ್ಕೆ ಲಾಭ ಅದಕ್ಕೂ ಬೇಗ.

ಗಮ್ಮನ್ನು ನೀವು ಚೂಯಿಂಗ್ ಗಮ್ಮಿನ ಹಾಗೆ ಜಗಿಯುತ್ತಿದ್ದೀರಿ. ನಿಕೋಟಿನ್ ಹೀರಬೇಕಾದ್ದು ಕೆನ್ನೆಯ ಒಳಚರ್ಮದಿಂದ. ಜಗಿದು ರಸ ನುಂಗಿದರೆ ಅದು ಹೊಟ್ಟೆಗೆ ಹೋಗಿ ಉರಿ, ಬಿಕ್ಕಳಿಕೆ ತರುತ್ತದೆ, ಚಟವೂ ತಣಿಯುವುದಿಲ್ಲ. ಹತ್ತು ಸಲ ನಿಧಾನ ಜಗಿಯಿರಿ. ಮೆಣಸಿನ ಹಾಗೆ ಚುರುಕ್ ಎಂದ ಕೂಡಲೇ ನಿಲ್ಲಿಸಿ, ಎಲೆಅಡಿಕೆ ಒತ್ತಿಟ್ಟುಕೊಂಡಂತೆ ಕೆನ್ನೆ ಮತ್ತು ಒಸಡಿನ ನಡುವೆ ಇಡಿ. ಚುರುಕು ಹೋದ ಮೇಲೆ ಪುನಃ ಎರಡು ಮೂರು ಸಲ ಜಗಿದು ಇನ್ನೊಂದು ಬದಿಗೆ. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿಂದ ಚಾ, ಕಾಫಿ, ಲಿಂಬೆ ಸೋಡ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಹೀರುವುದಿಲ್ಲ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 2 ಮಿಲಿಗ್ರಾಮ್ ಸಾಲುವುದಿಲ್ಲ, 4 ಬೇಕು, ವೈದ್ಯರಲ್ಲಿ ಬರೆಸಿಕೊಳ್ಳಿ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಆಮೇಲೆ ಇಳಿಸುತ್ತ ಬನ್ನಿ.

ಬಿಡುವ ದಿನಾಂಕಕ್ಕೆ ನಿಮ್ಮ ಕಸುಬಿನಲ್ಲೇ ಒಳ್ಳೆಯ ಅವಕಾಶವಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ರಜೆ. ಚಟ ಅತಿ ಹೆಚ್ಚು ಕಾಡುವುದು ಮೊದಲ ಮೂರು ದಿನ, ಸುಸ್ತು ಸಿಡುಕು ಎರಡರಿಂದ ನಾಲ್ಕು ವಾರ. ಅಷ್ಟೂ ದಿನ ದಡದಲ್ಲಿ ಕಳೆಯಬಹುದು, ಜೊತೆಯವರ ಸಿಗರೇಟ್ ಹೊಗೆ ತುಂಬಿದ ಕ್ಯಾಬಿನ್ನಿನಲ್ಲಲ್ಲ. ಆಸೆ ಬಂದರೆ ಮೂರರಿಂದ ಐದು ನಿಮಿಷ ತಡೆದುಕೊಳ್ಳಿ, ಅಲೆ ತಾನಾಗಿ ಇಳಿಯುತ್ತದೆ. ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356, ಕನ್ನಡದಲ್ಲೂ ಮಾತಾಡುತ್ತಾರೆ. ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು ಕಫ ಜಾಸ್ತಿಯಾಗಬಹುದು. ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಗುಡಿಸತೊಡಗಿದ ಗುರುತು ಅದು. "ಬಿಟ್ಟದ್ದಕ್ಕೇ ಕೆಮ್ಮು ಬಂತು" ಎಂದು ವಾಪಸ್ ಹಚ್ಚಬೇಡಿ. ರಕ್ತ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ.

ನಿಮ್ಮದು ಎಷ್ಟು ವರ್ಷದ ಅಭ್ಯಾಸ ಎಂದು ಬರೆದಿಲ್ಲ. ಹದಿನಾಲ್ಕು ವರ್ಷ ದಾಟಿದ್ದರೆ ಒಂದೂವರೆ ಪ್ಯಾಕಿನ ಲೆಕ್ಕದಲ್ಲಿ ನೀವೂ 20 ದಾಟಿದ್ದೀರಿ. ಆ ರಜೆಯಲ್ಲೇ ಲೋ ಡೋಸ್ ಸಿ.ಟಿ.ಯ ಬಗ್ಗೆಯೂ ಕೇಳಿ ಬನ್ನಿ. ಏನಾದರೂ ಕಂಡು ಚಿಕಿತ್ಸೆ ಬೇಕಾದರೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪ್ರತಿಶತ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ದಾಖಲಾಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ನಿಮಗೆ ಹತ್ತಿರದ್ದು ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಂಗಳೂರಿನವರಿಗೆ ವೆನ್ಲಾಕ್. ರೇಷನ್ ಕಾರ್ಡ್, ಆಧಾರ್ ಜೊತೆಗೆ ಹಳೆಯ ಎಕ್ಸ್‌ರೇಗಳೆಲ್ಲವನ್ನೂ ಒಯ್ಯಿರಿ, ಎಷ್ಟೇ ಹಳತಾದರೂ ಬಿಸಾಡಬೇಡಿ. ಈಗ ಕಾಣುವ ಮಚ್ಚೆ ಐದು ವರ್ಷದ ಹಿಂದೆಯೂ ಅಲ್ಲೇ, ಅಷ್ಟೇ ಇತ್ತು ಎಂದಾದರೆ ಅಲ್ಲಿಗೇ ಎಷ್ಟೋ ಪರೀಕ್ಷೆ ಉಳಿಯುತ್ತದೆ.